ಇಳಿವಯಸ್ಸಿನಲ್ಲಿ ಏರುವ ತೂಕ



“ವಯಸ್ಸಾಯಿತಲ್ಲ, ಮೈ ಸ್ವಲ್ಪ ತುಂಬಿಕೊಂಡರೆ ಏನಂತೆ?” ಎಂಬ ಮಾತನ್ನು ನೀವು ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಆದರೆ ಐವತ್ತರ ಆಚೆ ಹೆಚ್ಚುವ ತೂಕದಲ್ಲಿ ಯಾವುದು ಹೆಚ್ಚುತ್ತದೆ, ಎಲ್ಲಿ ಹೆಚ್ಚುತ್ತದೆ ಎಂಬುದನ್ನು ಅರಿತರೆ ಈ ಮಾತನ್ನು ಅಷ್ಟು ಹಗುರವಾಗಿ ಆಡಲಾರೆವು.

ಮೂವತ್ತು ದಾಟಿದ ಮೇಲೆ ನಮ್ಮ ಸ್ನಾಯುಗಳು ನಿಧಾನವಾಗಿ ಕರಗತೊಡಗುತ್ತವೆ. ಪ್ರತಿ ಹತ್ತು ವರ್ಷಕ್ಕೆ ಶೇ. 3 ರಿಂದ 8 ರಷ್ಟು ಸ್ನಾಯು ನಷ್ಟವಾಗುತ್ತದೆಂದು ಅಂದಾಜು. ಆ ಜಾಗವನ್ನು ಕೊಬ್ಬು ತುಂಬುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಈ ಕೊಬ್ಬು ತೊಡೆ, ನಿತಂಬಗಳಿಗಿಂತ ಹೊಟ್ಟೆಯ ಸುತ್ತ ಹೆಚ್ಚು ಸೇರುತ್ತದೆ. ಹಾಗಾಗಿ ತಕ್ಕಡಿಯ ಮುಳ್ಳು ಕದಲದಿದ್ದರೂ ಒಳಗಿನ ಲೆಕ್ಕ ಬದಲಾಗಿರಬಹುದು. ಮುಳ್ಳು ವರ್ಷಕ್ಕೆ ಅರ್ಧ ಕಿಲೋ ಮೇಲೇರಿದರೂ ಯಾರೂ ಗಮನಿಸುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಅದು ಹತ್ತು ಕಿಲೋ.

ಭಾರತೀಯರಾದ ನಾವು ಇನ್ನೂ ಎಚ್ಚರದಿಂದಿರಬೇಕು. 2004 ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಚಿತ್ರ ಪ್ರಕಟವಾಯಿತು. ಒಬ್ಬರು ಪುಣೆಯ ಡಾ. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1 ಇದ್ದರೆ, ಯಾಜ್ಞಿಕ್ ಅವರಲ್ಲಿ ಶೇ. 21.2. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬಿರುವುದು ನಮ್ಮ ಮೈಕಟ್ಟಿನ ಸ್ವಭಾವ.

ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂರುವ ಮೂಟೆಯಲ್ಲ. ಅದು ಯಕೃತ್ತಿನ ಕೆಲಸವನ್ನು ಕೆಡಿಸುತ್ತದೆ. ಇನ್ಸುಲಿನ್ ಪ್ರಭಾವವನ್ನು ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ, ಪಾರ್ಶ್ವವಾಯುಗಳಿಗೆ ದಾರಿಯಾಗುತ್ತದೆ. ಮುಟ್ಟು ನಿಂತ ಮೇಲೆ ಸ್ತನ ಮತ್ತು ಗರ್ಭಕೋಶದ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ. ನಿದ್ರೆಯಲ್ಲಿ ಜೋರಾದ ಗೊರಕೆಯ ನಡುವೆ ಉಸಿರು ಕಟ್ಟುವುದಕ್ಕೂ ಬೊಜ್ಜು ಒಂದು ಮುಖ್ಯ ಕಾರಣ. ಇನ್ನು ಮಂಡಿಯ ಮಾತು: ಸವೆದ ಮಂಡಿಯುಳ್ಳ ಸ್ಥೂಲಕಾಯದ ಹಿರಿಯರು 1 ಕಿಲೋ ಇಳಿಸಿದರೆ, ಇಡುವ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ.

ಕಾಯಿಲೆಗಳ ಪಟ್ಟಿಗಿಂತ ದೊಡ್ಡ ಮಾತು ಇನ್ನೊಂದಿದೆ. ಭಾರ ಹೆಚ್ಚಿ, ಅದನ್ನು ಹೊರುವ ಸ್ನಾಯು ಕುಗ್ಗಿದಾಗ, ನೆಲದಿಂದ ಏಳಲು, ಬಚ್ಚಲಿಗೆ ಹೋಗಲು ಇನ್ನೊಬ್ಬರ ಕೈ ಬೇಕಾಗುತ್ತದೆ. ಹೀಗೆ ಪರಾಧೀನರಾಗುವುದನ್ನು ಯಾವ ಹಿರಿಯರು ತಾನೆ ಬಯಸುತ್ತಾರೆ?

ಹಾಗಾದರೆ ಏನು ಮಾಡಬೇಕು? ಮೊದಲು ದರ್ಜಿಯ ಟೇಪು ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಿರಿ. ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಡಿ! ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಅದು ಎಚ್ಚರಿಕೆಯ ಗಂಟೆ.

ಆದರೆ ದಿಢೀರನೆ ಊಟ ಬಿಟ್ಟು ಉಪವಾಸ ಕೂರಬೇಡಿ. ಇಳಿವಯಸ್ಸಿನಲ್ಲಿ ಬರಿಯ ಪಥ್ಯದಿಂದ ತೂಕ ಇಳಿಸಿದರೆ ಕೊಬ್ಬಿನ ಜೊತೆಗೆ ಸ್ನಾಯು, ಮೂಳೆಗಳೂ ಸವೆಯುತ್ತವೆ. ಕಾಫಿಯ ಸಕ್ಕರೆ, ಸಂಜೆಯ ಬಜ್ಜಿ, ಎರಡನೆಯ ಸಲ ಬಡಿಸಿಕೊಳ್ಳುವ ಅನ್ನ ಕಡಿಮೆಯಾಗಲಿ. ಮೊಳಕೆಕಾಳಿನ ಉಸಲಿ, ಹುರುಳಿ ಸಾರು, ಬೇಳೆ, ಮಜ್ಜಿಗೆ, ಸೊಪ್ಪು ಉಳಿಯಲಿ. ತಿನ್ನುವವರಿಗೆ ಮೊಟ್ಟೆ, ಮೀನು ಸಹ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನವಾದರೂ ಸ್ನಾಯುಗಳಿಗೆ ಶಕ್ತಿ ಕೊಡುವ ವ್ಯಾಯಾಮ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದಕ್ಕೆ ವ್ಯಾಯಾಮಶಾಲೆಯೇ ಬೇಕೆಂದಿಲ್ಲ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ, ಕೈ ಊರದೆ ಹತ್ತು ಬಾರಿ ಎದ್ದು ಕೂರುವುದೂ ಒಳ್ಳೆಯ ಆರಂಭವೇ.

ಈ ವಯಸ್ಸಿನಲ್ಲಿ ಇದೆಲ್ಲ ಫಲಿಸೀತೇ ಎಂಬ ಸಂದೇಹ ಬೇಡ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ನಡಿಗೆ, ಮಿತಾಹಾರಗಳನ್ನು ಕಲಿಸಿ, ಶೇ. 7 ರಷ್ಟು ತೂಕ ಇಳಿಸುವ ಗುರಿಯಿಟ್ಟ ಅಮೆರಿಕದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002 ರಲ್ಲಿ ಹೊರಬಂತು. ಕಾಯಿಲೆಗೆ ತುತ್ತಾಗುವುದು ಒಟ್ಟಾರೆ ಶೇ. 58 ರಷ್ಟು ತಗ್ಗಿತ್ತು. ಅರವತ್ತು ದಾಟಿದವರಲ್ಲಂತೂ ಶೇ. 71 ರಷ್ಟು! ಹಿರಿಯರೇ ಹೆಚ್ಚು ಲಾಭ ಪಡೆದಿದ್ದರು.

ಕೊನೆಯದಾಗಿ ಒಂದೆರಡು ಎಚ್ಚರಿಕೆ. ಕೆಲವೇ ದಿನಗಳಲ್ಲಿ ಎರಡು ಮೂರು ಕಿಲೋ ಏರಿ, ಪಾದ ಊದಿ, ಮಲಗಿದರೆ ಉಸಿರು ಸಿಕ್ಕಿಕೊಳ್ಳುವಂತಾದರೆ ಅದು ಕೊಬ್ಬಲ್ಲ, ದೇಹದಲ್ಲಿ ನಿಂತ ನೀರು. ಹೃದಯವೋ ಮೂತ್ರಪಿಂಡವೋ ಸೋತಿರಬಹುದು. ತಡಮಾಡದೆ ವೈದ್ಯರ ಬಳಿಗೆ ಹೋಗಿ. ಥೈರಾಯ್ಡ್ ದೋಷ, ಸ್ಟಿರಾಯ್ಡ್ ಮಾತ್ರೆಗಳೂ ತೂಕ ಏರಿಸಬಲ್ಲವು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಬಾರದು. ನಡೆದಾಗ ಎದೆ ಹಿಡಿಯುವವರು ವ್ಯಾಯಾಮಕ್ಕೆ ಮುಂಚೆ ತಪಾಸಣೆ ಮಾಡಿಸಿಕೊಳ್ಳಬೇಕು.

ವಯಸ್ಸು ಏರುವುದನ್ನು ತಡೆಯಲು ನಮ್ಮಿಂದಾಗದು. ಸೊಂಟದ ಅಳತೆ ಏರುವುದನ್ನು ಬಹುಮಟ್ಟಿಗೆ ತಡೆಯಬಹುದು. ಇಂದು ಸಂಜೆಯೇ ಒಮ್ಮೆ ಅಳೆದು, ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ಅಳೆಯಿರಿ.