ಎಣ್ಣೆಯ ರೇವಿಗೆ ಮೊದಲೊಂದು ಪ್ರಶ್ನೆ

(ಬಾನುಲಿ ಭಾಷಣ)



ಸಾಹಿತ್ಯ ವಿಮರ್ಶೆಯನ್ನು ಬೋಧಿಸುತ್ತ ವೃತ್ತಿಜೀವನ ಕಳೆದವನು ನಾನು. ಸರ್ಕಾರಗಳು ಕೈಗೊಳ್ಳುವ ‘ಪರಿಸರ ಪರಿಣಾಮ ವಿಮರ್ಶೆ’ ನಿಜವಾಗಿ ಏನನ್ನು ತೂಗುತ್ತದೆ ಎಂಬ ಕುತೂಹಲ ನನಗೆ ಬಹುಕಾಲದಿಂದ ಇದ್ದಿತು. ಅದಕ್ಕೆ ತಕ್ಕ ಉತ್ತರ ದೊರೆತುದು ಅಮೆರಿಕದ ಒಂದು ಪ್ರಸಂಗದಲ್ಲಿ.

ಅಲ್ಲಿಯ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಡದ ಮೇಲೆ, ವ್ಯಾಂಕೂವರ್ ಎಂಬ ಊರಿದೆ. ಕೆನಡಾದ ಅದೇ ಹೆಸರಿನ ನಗರ ಬೇರೆ. 2013ರಲ್ಲಿ ಟೆಸೊರೊ ಮತ್ತು ಸ್ಯಾವೇಜ್ ಎಂಬ ಎರಡು ಕಂಪನಿಗಳು ಕೂಡಿ ಇಲ್ಲಿಯ ಬಂದರಿನಲ್ಲಿ ಎಣ್ಣೆಯ ರೇವೊಂದನ್ನು ಕಟ್ಟಲು ಅನುಮತಿ ಬೇಡಿದವು. ದಿನಕ್ಕೆ ಸರಾಸರಿ ನಾಲ್ಕು ರೈಲುಗಳು ಕಚ್ಚಾ ಎಣ್ಣೆಯನ್ನು ಹೊತ್ತು ತರಬೇಕು. ಅದನ್ನು ಭಾರಿ ತೊಟ್ಟಿಗಳಲ್ಲಿ ಶೇಖರಿಸಿ ಹಡಗಿಗೇರಿಸಬೇಕು. ದಿನವೊಂದಕ್ಕೆ 3,60,000 ಪೀಪಾಯಿ! ಉದ್ಯೋಗ ದೊರೆಯುತ್ತದೆ, ವರಮಾನ ಬರುತ್ತದೆ ಎಂಬ ವಾದ ಅಲ್ಲಗಳೆಯತಕ್ಕುದೇನೂ ಆಗಿರಲಿಲ್ಲ.

ವಿಮರ್ಶೆಯ ಹೊಣೆ ಇಂಧನ ಸ್ಥಾವರಗಳ ಸ್ಥಳವನ್ನು ನಿರ್ಣಯಿಸುವ ರಾಜ್ಯ ಮಂಡಳಿಯದು. ಸ್ಥಾವರದ ಎಲ್ಲೆ ಬಂದರಿನ ಬೇಲಿಗೇ ಮುಗಿಯಿತೆ? ಎಣ್ಣೆ ಬರುವ ಹಳಿ, ಹಡಗು ಸಾಗುವ ನದಿ, ಆ ನದಿಯ ಸಾಲ್ಮನ್ ಮೀನು, ಮೀನನ್ನೇ ನಂಬಿದ ಯಾಕಮಾ, ಯುಮಟಿಲಾ ಮೊದಲಾದ ಮೂಲನಿವಾಸಿ ಜನಾಂಗಗಳು, ಇವೆಲ್ಲ ಲೆಕ್ಕಕ್ಕೆ ಬಂದುವು. ನಿವೇಶನದ ಮಗ್ಗುಲಲ್ಲೇ ಜಿಲ್ಲಾ ಸೆರೆಮನೆಯ ದುಡಿಮೆಯ ಕೇಂದ್ರವೊಂದಿತ್ತು. ಬೆಂಕಿ ಬಿದ್ದರೆ ಊರಿನವರು ಓಡಿಯಾರು; ಬೀಗದೊಳಗಿನವರು ಎಲ್ಲಿಗೆ ಓಡಬೇಕು? ಈ ಪ್ರಶ್ನೆಯೂ ವಿಚಾರಣೆಗೆ ಬಂದಿತು. ಇದನ್ನು ಓದಿದಾಗ ನನ್ನ ಮನಸ್ಸು ಕಲಕಿತು.

ಭಯ ಕಾಲ್ಪನಿಕವೂ ಆಗಿರಲಿಲ್ಲ. 2013ರ ಜುಲೈನಲ್ಲಿ ಕೆನಡಾದ ಲಾಕ್-ಮೆಗಾಂಟಿಕ್ ಪಟ್ಟಣದಲ್ಲಿ ಎಣ್ಣೆಯ ರೈಲು ಹಳಿ ತಪ್ಪಿ ಉರಿದು 47 ಮಂದಿ ಸತ್ತಿದ್ದರು. 2016ರ ಜೂನ್ 3ರಂದು ಇದೇ ಕೊಲಂಬಿಯಾದ ಎದುರು ದಡದಲ್ಲಿ, ಮೋಸಿಯರ್ ಎಂಬ ಪುಟ್ಟ ಊರಿನ ಬಳಿ, ಮತ್ತೊಂದು ಎಣ್ಣೆಯ ರೈಲಿನ 16 ಗಾಡಿಗಳು ಹಳಿ ತಪ್ಪಿ ಬೆಂಕಿ ಹತ್ತಿತು. ಆ ರೈಲಿಗೂ ಈ ಯೋಜನೆಗೂ ಸಂಬಂಧವಿರಲಿಲ್ಲ. ಆದರೆ ಆ ತಿಂಗಳ ಕೊನೆಗೇ ಮಂಡಳಿಯ ಸಾಕ್ಷಿ ವಿಚಾರಣೆ ಆರಂಭವಾಯಿತು.

ಲಕ್ಷಗಟ್ಟಲೆ ಅಭಿಪ್ರಾಯಗಳು ಬಂದವು. 2017ರ ನವೆಂಬರಿನಲ್ಲಿ ಮಂಡಳಿ ಒಮ್ಮತದಿಂದ ಅನುಮತಿ ಬೇಡವೆಂದಿತು. ಭೂಕಂಪ, ಬೆಂಕಿ, ಎಣ್ಣೆಯ ಸೋರಿಕೆ ಇವುಗಳ ಅಪಾಯವನ್ನು ಪರಿಗಣಿಸಿ, ರಾಜ್ಯಪಾಲ ಜೇ ಇನ್ಸ್ಲಿ 2018ರ ಜನವರಿಯಲ್ಲಿ ಯೋಜನೆಯನ್ನು ತಿರಸ್ಕರಿಸಿದರು. ನಾಲ್ಕು ವರ್ಷಕ್ಕೂ ಮಿಗಿಲಾದ ಈ ವಿಳಂಬ ಕೆಲವರಿಗೆ ದುಬಾರಿಯೆನಿಸಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಅದು ಅಗ್ಗವೇ ಸರಿ.

ಎಣ್ಣೆಯ ಶೇಖರಣೆಯೆಲ್ಲ ತ್ಯಾಜ್ಯವೆಂದು ನಾನು ಹೇಳಲಾರೆ. ನಮ್ಮ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೇ, ದೇಶದ ಆಪತ್ಕಾಲಕ್ಕೆಂದು, 25 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುವ ಶಿಲಾಗುಹೆಗಳಿವೆ. ನಮ್ಮಲ್ಲಿಯೂ 2006ರ ಅಧಿಸೂಚನೆ ಅನೇಕ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಆಲಿಕೆಯನ್ನು ವಿಧಿಸಿದೆ. ‘ಆಲಿಕೆ’ ಎಷ್ಟು ಒಳ್ಳೆಯ ಮಾತು! ಹೇಳುವವರಿಗೆ ವೇದಿಕೆ ಒದಗಿಸಿದ ಮಾತ್ರಕ್ಕೆ ಅದು ಪೂರ್ಣವಾಗದು; ಕೇಳುವವರು ಆಲಿಸಬೇಕು, ಹೇಳಲು ಬರಲಾರದವರ ಪರವಾಗಿಯೂ ಯಾರಾದರೂ ಪ್ರಶ್ನೆ ಕೇಳಬೇಕು. ನಿಮ್ಮ ಊರಿನಲ್ಲಿ ಅಂಥದೊಂದು ಸಭೆ ಕೂಡಿದಾಗ ದಯಮಾಡಿ ಹೋಗಿ ಕುಳಿತುಕೊಳ್ಳಿ.