ಗೋಕಾಕದ ಖಡ್ಗಮೃಗ ಮತ್ತು ಆದಿಕಾಂಡ

ನಮ್ಮ ಕಡೆಯವರಿಗೆ ಗೋಕಾಕ ಅಂದರೆ ಜಲಪಾತ, ಕರದಂಟು. ಭೂವಿಜ್ಞಾನಿಗಳಿಗೆ ಅದು ಖಡ್ಗಮೃಗದ ಸೀಮೆ. ಅಲ್ಲಿಯ ಮೆಕ್ಕಲು ಮಣ್ಣಿನಲ್ಲಿ ಸಿಕ್ಕ ಪಳೆಯುಳಿಕೆಯನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿ, ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟರು. ಇವತ್ತು ಒಂಟಿಕೊಂಬಿನ ಖಡ್ಗಮೃಗವನ್ನು ಕಾಡಿನಲ್ಲಿ ನೋಡಬೇಕೆಂದರೆ ದೂರದ ಅಸ್ಸಾಮಿನಂಥ ಕಡೆಗೆ ಹೋಗಬೇಕು.

ಈ ಫೂಟ್ ಮಿಶನರಿ ಪೀಟರ್ ಪರ್ಸಿವಲ್ಲರ ಅಳಿಯ. ದಕ್ಷಿಣದ ಹಳೆಯ ಶಿಲಾಸಮೂಹವನ್ನು ‘ಧಾರವಾಡ’ದ ಹೆಸರಿನಿಂದ ಕರೆದವರೂ ಫೂಟ್ ಅವರೇ. ಆ ಶಿಲೆಗಳಿಗೆ 260 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸೆಂದು ಈಗ ಗೊತ್ತಾಗಿದೆ. ಆದರೆ ಜಗತ್ತು ಕ್ರಿ.ಪೂ. 4004ರಲ್ಲಿ ಹುಟ್ಟಿತೆಂದು ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಲೆಕ್ಕ ಹಾಕಿದ್ದರು. ಆ ಇಸವಿ ಇಂಗ್ಲಿಷ್ ಬೈಬಲ್ಲಿನ ಅಂಚಿನಲ್ಲಿ ಅಚ್ಚಾಯಿತೇ ಹೊರತು ಸೃಷ್ಟಿಯ ಕಥೆ ಹೇಳುವ ಆದಿಕಾಂಡದ ಮೂಲದಲ್ಲಿ ಎಲ್ಲಿಯೂ ಇಲ್ಲ. ಧರ್ಮಕ್ಕೂ ವಿಜ್ಞಾನಕ್ಕೂ ಜಗಳ ಬಹಳಷ್ಟು ನಡೆದದ್ದು ಈ ಅಂಚಿನ ಬರಹದ ಸಲುವಾಗಿ!

ಜೀವವಿಕಾಸವನ್ನು ವಿವರಿಸುವ ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ. ಪುಸ್ತಕ ಬಂದಕೂಡಲೇ ಕ್ರೈಸ್ತರೆಲ್ಲ ಒಂದಾಗಿ ಎದ್ದುನಿಂತರೆಂಬುದು ಕಟ್ಟುಕಥೆ. ಅಮೆರಿಕದಲ್ಲಿ ಡಾರ್ವಿನ್ನನ ಪರ ವಾದಿಸಿದ ಸಸ್ಯವಿಜ್ಞಾನಿ ಏಸಾ ಗ್ರೇ ಪ್ರೆಸ್ಬಿಟೇರಿಯನ್ ಶ್ರದ್ಧಾವಂತ. ವಿಕಾಸದ ಬೆಳಕಿಲ್ಲದೆ ಜೀವವಿಜ್ಞಾನಕ್ಕೆ ಅರ್ಥವಿಲ್ಲವೆಂದು 1973ರಲ್ಲಿ ಬರೆದ ತಳಿವಿಜ್ಞಾನಿ ಡೊಬ್‌ಜಾನ್ಸ್ಕಿ ಆರ್ಥೊಡಾಕ್ಸ್ ಕ್ರೈಸ್ತ. ಸೃಷ್ಟಿಯನ್ನೂ ನಂಬುತ್ತೇನೆ, ವಿಕಾಸವನ್ನೂ ಒಪ್ಪುತ್ತೇನೆ ಎಂದು ಆತ ಅದೇ ಲೇಖನದಲ್ಲಿ ಹೇಳಿಕೊಂಡ.

ಹಾಗಂತ ಎಲ್ಲವೂ ಸರಾಗವಾಗಿ ಹೊಂದುತ್ತದೆ ಎನ್ನುವವರನ್ನೂ ನಂಬಬಾರದು. ನಿಜವಾದ ತೊಡಕು ಕಾಲದ ಲೆಕ್ಕದಲ್ಲಿಲ್ಲ, ನೋವಿನಲ್ಲಿದೆ. ಉದಾಹರಣೆಗೆ, ಕಬ್ಬಿನ ಕಾಂಡಕೊರಕ ಹುಳದ ಹತೋಟಿಗೆ ಹೊಲದಲ್ಲಿ ಟ್ರೈಕೋಗ್ರಾಮ ಕಾರ್ಡು ಕಟ್ಟುವುದು ನಮ್ಮ ಕಡೆಯ ರೈತರಿಗೆ ಹೊಸದಲ್ಲ. ಕಾರ್ಡಿನಿಂದ ಹೊರಬರುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ಅದನ್ನು ತಿಂದು ಬೆಳೆಯುತ್ತದೆ. ಇದರ ದಾಯಾದಿ ಇಕ್ನ್ಯೂಮನ್ ಕಣಜದ ಮರಿಗಳಿಗೆ ಜೀವಂತ ಕಂಬಳಿಹುಳವೇ ಊಟ. ದಯಾಮಯನಾದ ದೇವರು ಬೇಕೆಂದೇ ಇಂಥದ್ದನ್ನು ಸೃಷ್ಟಿಸಿದನೆಂದು ನಂಬಲಾರೆ ಎಂದು ಡಾರ್ವಿನ್ 1860ರ ಮೇ ತಿಂಗಳಲ್ಲಿ ಗ್ರೇಗೆ ಬರೆದ. ರೈತನಿಗೆ ಉಪಕಾರಿಯಾದ ಕೀಟ ದೇವಶಾಸ್ತ್ರಿಗೆ ಗಂಟಲಲ್ಲಿ ಸಿಕ್ಕಿತು. ಸೃಷ್ಟಿ ಇನ್ನೂ ಮುಗಿದಿಲ್ಲ, ದೇವರೂ ಅದರ ನೋವಿನಲ್ಲಿ ಪಾಲುಗಾರ ಎಂದು ಕೆಲವು ದೇವಶಾಸ್ತ್ರಿಗಳು ಉತ್ತರಿಸುತ್ತಾರೆ. ಉತ್ತರ ಗಂಭೀರವಾದದ್ದು ನಿಜ. ಆದರೆ ಕಂಬಳಿಹುಳಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಇನ್ನೊಂದು ತೊಡಕು ಬೈಬಲ್ಲಿನ ಮೊದಲ ಮನುಷ್ಯ ಆದಾಮನದು. ಮಾನವದೇಹದ ವಿಕಾಸವನ್ನು ವಿದ್ವಾಂಸರು ವಿಚಾರಿಸಬಹುದು, ಆತ್ಮ ಮಾತ್ರ ನೇರವಾಗಿ ದೇವರ ಸೃಷ್ಟಿ ಎಂದು 1950ರಲ್ಲಿ ಹನ್ನೆರಡನೆಯ ಪಯಸ್ ಪೋಪ್ ಹೇಳಿದರು. ವಿಕಾಸ ಬರೀ ಊಹೆಯಲ್ಲ ಎಂಬಲ್ಲಿಗೆ ಎರಡನೆಯ ಜಾನ್ ಪಾಲ್ 1996ರಲ್ಲಿ ಮುಟ್ಟಿದರು. ಆದರೆ ಮನುಕುಲ ಒಂದೇ ದಂಪತಿಯಿಂದ ಬಂದಿಲ್ಲವೆಂಬ ವಾದಕ್ಕೆ ಪಯಸ್ ಬಾಗಿಲು ತೆರೆದಿರಲಿಲ್ಲ. ಇಂದಿನ ತಳಿವಿಜ್ಞಾನವೋ, ನಮ್ಮ ಪೂರ್ವಜರು ಯಾವ ಕಾಲಕ್ಕೂ ಇಬ್ಬರೇ ಆಗಿರಲಿಲ್ಲ, ಸಾವಿರಾರು ಜನರ ಗುಂಪಾಗಿದ್ದರು ಎನ್ನುತ್ತದೆ. ಆದಾಮನನ್ನು ಇಡೀ ಮನುಕುಲದ ಪ್ರತಿನಿಧಿಯೆಂದು ಓದುವ ಪಂಡಿತರಿದ್ದಾರೆ. ಹಾಗೆ ಓದಿದರೆ ಆದಾಮನೊಬ್ಬನಿಂದ ಪಾಪ ಬಂತೆಂಬ ಸಂತ ಪೌಲನ ವಾದದ ಬುಡವೇ ಅಲುಗಾಡುತ್ತದೆ ಎನ್ನುವ ಕ್ರೈಸ್ತರೂ ಇದ್ದಾರೆ; ಅವರ ಆತಂಕಕ್ಕೆ ಫೂಟ್‌ರ ಕಲ್ಲುಗಳಲ್ಲಿ ಉತ್ತರವಿಲ್ಲ.