ಪಹಣಿಯಲ್ಲಿ ಯಾರ ಹೆಸರಿದೆ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು 2004ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ ‘ತಂತ್ರಜ್ಞಾನ ಮತ್ತು ಗ್ರಾಮೀಣ ಅಭಿವೃದ್ಧಿ’. ಅದು ಬಹಳ ದೊಡ್ಡದು. ಅದರೊಳಗಿನ ಒಂದು ಸಣ್ಣ ಮೂಲೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಸರ್ಕಾರ ರೈತರಿಗೆ ಅಂತ ಕೊಡುವ ದುಡ್ಡು ಯಾರ ಖಾತೆಗೆ ಬರುತ್ತದೆ, ಯಾರ ಖಾತೆಗೆ ಬರುವುದಿಲ್ಲ, ಯಾಕೆ? ನಾನು ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಜಗಲಿಯ ಮೇಲೆ ಯಾರಾದರೊಬ್ಬರು ಫೋನ್ ಕೈಗೆ ಕೊಟ್ಟು, ‘ಇದೊಂಚೂರು ನೋಡಪ್ಪ, ಪಕ್ಕದ ಹೊಲದವನಿಗೆ ಬಂತಂತೆ, ನಂಗೆ ಬರಲಿಲ್ಲ’ ಅನ್ನುತ್ತಾರೆ. ನೋಡಿ ನೋಡಿ ನನಗೆ ಗೊತ್ತಾದದ್ದು ಇಷ್ಟು: ಹತ್ತರಲ್ಲಿ ಏಳೆಂಟು ಸಲ ತೊಂದರೆ ಇರುವುದು ಫೋನಿನಲ್ಲಲ್ಲ, ಪಹಣಿಯಲ್ಲಿ.

ನಾವು ಮಿಡ್ಲ್ ಸ್ಕೂಲು ಮುಗಿಸುವ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. ಅಲ್ಲಿಯವರೆಗೆ ಪಹಣಿ ಅಂದರೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕ. ಒಂದು ನಕಲು ಬೇಕಾದರೆ ಎಷ್ಟು ಸಲ ಅಲೆಯಬೇಕಿತ್ತು ಅನ್ನುವುದನ್ನು ಹಿರಿಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ನಕಲು ಸಿಗುವಂತಾಯಿತು. ನನ್ನ ವೃತ್ತಿಯವನಾಗಿ ಹೇಳುತ್ತೇನೆ, ಇದು ಸಣ್ಣ ಕೆಲಸವಲ್ಲ. ದೇಶವೇ ತಿರುಗಿ ನೋಡಿದ ಕೆಲಸ.

ಆದರೆ ಒಂದು ಮಾತು ನೆನಪಿರಲಿ. ಆವತ್ತು ಪುಸ್ತಕದಲ್ಲಿ ಏನಿತ್ತೋ ಅದನ್ನೇ ಟೈಪು ಮಾಡಿದರು. ಪುಸ್ತಕದಲ್ಲಿ ತೀರಿಹೋದ ಅಜ್ಜನ ಹೆಸರಿದ್ದರೆ ಕಂಪ್ಯೂಟರಿನಲ್ಲೂ ಅಜ್ಜನ ಹೆಸರೇ. ಆ ಹೊಲವನ್ನು ಮೊಮ್ಮಗ ಉಳುತ್ತಿದ್ದಾನೆ ಅನ್ನುವುದು ಇಡೀ ಊರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹಿಂದೆ ಇದರಿಂದ ದೊಡ್ಡ ನಷ್ಟವೇನೂ ಇರಲಿಲ್ಲ. ಕಂದಾಯ ಯಾರು ಕಟ್ಟಿದರೂ ರಸೀತಿ ಸಿಗುತ್ತಿತ್ತು, ಸೊಸೈಟಿಯಲ್ಲಿ ಮುಖ ನೋಡಿ ಗೊಬ್ಬರ ಕೊಡುತ್ತಿದ್ದರು. ಈಗ ಮುಖ ನೋಡುವವರು ಯಾರೂ ಇಲ್ಲ.

ಈಗಿನ ವ್ಯವಸ್ಥೆ ಹೇಗಿದೆ ಅಂದರೆ, ರೈತನಿಗೆ ಒಂದು ನಂಬರು ಇರುತ್ತದೆ. ‘ಫ್ರೂಟ್ಸ್’ ಅನ್ನುವ ರಾಜ್ಯ ಸರ್ಕಾರದ ತಂತ್ರಾಂಶದಲ್ಲಿ ನೋಂದಾಯಿಸಿದಾಗ ಸಿಗುವ ಎಫ್‌ಐಡಿ. ಹೆಸರು ಕೇಳಿ ಹಣ್ಣಿನ ಅಂಗಡಿ ಅಂದುಕೊಳ್ಳಬೇಡಿ. ಅದರಲ್ಲಿ ನಿಮ್ಮ ಆಧಾರ್, ಬ್ಯಾಂಕು, ನಿಮ್ಮ ಹೆಸರಿನಲ್ಲಿರುವ ಸರ್ವೆ ನಂಬರುಗಳು ಒಂದಕ್ಕೊಂದು ಗಂಟು ಬೀಳುತ್ತವೆ. ಹನಿ ನೀರಾವರಿಯ ಸಹಾಯಧನ, ರಾಗಿ ಖರೀದಿ ಕೇಂದ್ರದ ನೋಂದಣಿ, ಬೆಳೆ ವಿಮೆ, ಬರ ಪರಿಹಾರ, ಎಲ್ಲಕ್ಕೂ ಈ ಗಂಟೇ ಬಾಗಿಲು. 2024-25ರಲ್ಲಿ ಕ್ವಿಂಟಲ್ ರಾಗಿಗೆ ಬೆಂಬಲ ಬೆಲೆ 4,290 ರೂಪಾಯಿ ಇತ್ತು. ಕಣದಲ್ಲಿ ಎಷ್ಟೇ ರಾಗಿ ಇರಲಿ, ಗಂಟು ಸರಿಯಿಲ್ಲದಿದ್ದರೆ ಆ ಬೆಲೆ ನಿಮ್ಮದಲ್ಲ.

ಗಂಟು ಎಲ್ಲಿ ಸಡಿಲವಾಗುತ್ತದೆ? ಮೊದಲನೆಯದು ಹೆಸರು. ಪಹಣಿಯಲ್ಲಿ ‘ರಂಗಯ್ಯ ಬಿನ್ ಈರಯ್ಯ’ ಅಂತಿರುತ್ತದೆ, ಆಧಾರಿನಲ್ಲಿ ಇನಿಷಿಯಲ್ಲು ಸೇರಿ ಇನ್ನೊಂದು ರೀತಿ, ಬ್ಯಾಂಕಿನಲ್ಲಿ ಗುಮಾಸ್ತರು ಕೇಳಿಸಿಕೊಂಡ ಹಾಗೆ ಮೂರನೆಯ ರೀತಿ. ನಮಗೆ ಮೂವರೂ ಒಬ್ಬನೇ ರಂಗಯ್ಯ. ಕಂಪ್ಯೂಟರಿಗೆ ಮೂರು ಜನ. ಎರಡನೆಯದು ಅರ್ಧ ನೋಂದಣಿ. ಯಾವುದೋ ಒಂದು ಸಹಾಯಧನಕ್ಕಾಗಿ ಒಂದು ಸರ್ವೆ ನಂಬರು ಮಾತ್ರ ಸೇರಿಸಿ ಎಫ್‌ಐಡಿ ಮಾಡಿಸಿರುತ್ತಾರೆ, ಉಳಿದ ಹೊಲ ಅದರಲ್ಲಿ ಇರುವುದೇ ಇಲ್ಲ.

ಇದರ ಬೆಲೆ ಏನು ಅನ್ನುವುದು 2023ರ ಬರದಲ್ಲಿ ಗೊತ್ತಾಯಿತು. ಆ ಮುಂಗಾರಿನಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಬೆಳೆ ಶೇಕಡಾ 33ಕ್ಕಿಂತ ಹೆಚ್ಚು ಹಾಳಾಗಿದ್ದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ತೆಂಗು ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಇದು ಕೇಂದ್ರದ ವಿಪತ್ತು ಪರಿಹಾರ ನಿಧಿಯ ದರ. ಲೆಕ್ಕ ಹಾಕಿ. ಮೂರು ಎಕರೆ ಕಡ್ಲೆಕಾಯಿ ಒಣಗಿದವನಿಗೆ ಸುಮಾರು 10,300 ರೂಪಾಯಿ ಆಗುತ್ತದೆ. ಅವನ ಎಫ್‌ಐಡಿಯಲ್ಲಿ ಒಂದೇ ಎಕರೆ ಇದ್ದರೆ 3,400. ಮೂರೂ ಎಕರೆ ಅಜ್ಜನ ಹೆಸರಿನಲ್ಲೇ ಇದ್ದರೆ ಏನೂ ಇಲ್ಲ. ಮಳೆ ಮೂವರಿಗೂ ಒಂದೇ ಥರ ಕೈಕೊಟ್ಟಿತ್ತು.

ಬೆಳೆ ವಿಮೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ಸಿಟ್ಟು ಇರುವುದು ಅದರ ಮೇಲೆಯೇ. 2016ರ ಮುಂಗಾರಿನಿಂದ ಬಂದ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟುವುದು ಮುಂಗಾರಿನ ಬೆಳೆಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5. ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ಕಟ್ಟುತ್ತವೆ. ‘ನನ್ನ ಹೊಲ ಪೂರಾ ಒಣಗೋಯ್ತು, ಒಂದು ಪೈಸೆ ಬರಲಿಲ್ಲ’ ಅನ್ನುವ ದೂರು ಎಲ್ಲ ಕಡೆ ಕೇಳುತ್ತೇವೆ. ಬರಗಾಲದ ವಿಮೆ ನಿಮ್ಮೊಬ್ಬರ ಹೊಲವನ್ನು ನೋಡುವುದೇ ಇಲ್ಲ. ಮುಖ್ಯ ಬೆಳೆಗಳಿಗೆ ಇಡೀ ಗ್ರಾಮ ಪಂಚಾಯಿತಿಯೇ ಒಂದು ಹೊಲ ಅಂತ ಲೆಕ್ಕ. ಚೀಟಿ ಎತ್ತಿದ ಹಾಗೆ ಆಯ್ದ ಕೆಲವು ಸರ್ವೆ ನಂಬರುಗಳಲ್ಲಿ ಅಳತೆಯ ಒಂದು ತುಂಡು ಗುರುತು ಮಾಡಿ, ಅಲ್ಲಿಯ ಬೆಳೆ ಕೊಯ್ದು ತೂಕ ಹಾಕುತ್ತಾರೆ. ಆ ಸರಾಸರಿ ಹಿಂದಿನ ವರ್ಷಗಳ ಇಳುವರಿಯಿಂದ ಗೊತ್ತು ಮಾಡಿದ ಮಟ್ಟಕ್ಕಿಂತ ಕೆಳಗಿದ್ದರೆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ಬರುತ್ತದೆ, ಮೇಲಿದ್ದರೆ ಯಾರಿಗೂ ಇಲ್ಲ. ಹಾಗಾಗಿ ಆ ಕೊಯ್ಲಿನ ದಿನ ‘ನಮಗೇನು’ ಅಂತ ಮನೆಯಲ್ಲಿ ಕೂರುವುದು ಸರಿಯಲ್ಲ. ಹೋಗಿ ನಿಂತು ನೋಡಿ. ತೂಕದ ತಕ್ಕಡಿಯ ಮುಂದೆ ನಾಲ್ಕು ಜನ ನಿಂತಿದ್ದರೆ ಅದರ ಗೌರವವೇ ಬೇರೆ.

ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ ಮಾತ್ರ ನಿಮ್ಮ ಹೊಲವನ್ನೇ ನೋಡುತ್ತಾರೆ. ಕಿತ್ತು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಹದಿನಾಲ್ಕು ದಿನದೊಳಗೆ ಅಕಾಲ ಮಳೆಗೆ ಸಿಕ್ಕರೂ ಹಾಗೆಯೇ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಮೂರು ದಿನ. ನಮ್ಮಲ್ಲಿ ಮೂರು ದಿನ ‘ಯಾರಿಗೆ ಹೇಳಬೇಕು’ ಅನ್ನುವ ಚರ್ಚೆಯಲ್ಲೇ ಹೋಗುತ್ತದೆ.

ಇನ್ನೊಂದು ಗಂಟು, ಬೆಳೆ ಸಮೀಕ್ಷೆ. ನೀವು ಕಡ್ಲೆಕಾಯಿಗೆ ವಿಮೆ ಕಟ್ಟಿದ್ದೀರಿ. ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ ಇದೆ. ಸಮೀಕ್ಷೆಗೆ ಬಂದ ಹುಡುಗ ಬದುವಿನ ಮೇಲೆ ನಿಂತು ತೊಗರಿಯ ಫೋಟೋ ತೆಗೆದುಕೊಂಡು ತೊಗರಿ ಅಂತ ಬರೆದುಕೊಂಡು ಹೋದ. ವಿಮೆಯ ಕಾಗದದಲ್ಲಿ ಒಂದು ಬೆಳೆ, ಸಮೀಕ್ಷೆಯಲ್ಲಿ ಇನ್ನೊಂದು. ತಾಳೆಯಾಗಲಿಲ್ಲ ಅಂತ ಅರ್ಜಿ ಪಕ್ಕಕ್ಕೆ ಹೋಗುತ್ತದೆ. 2020ರಿಂದ ರೈತರೇ ತಮ್ಮ ಫೋನಿನಲ್ಲಿ ಬೆಳೆಯ ವಿವರ ಹಾಕುವ ಆ್ಯಪ್ ಇದೆ. ಬೇರೆಯವರು ಏನು ಬರೆದಿದ್ದಾರೆ ಅಂತ ನೋಡಿ ತಕರಾರು ಹಾಕಲು ‘ಬೆಳೆ ದರ್ಶಕ್’ ಇದೆ. ತಕರಾರಿಗೆ ಗಡುವು ಇರುತ್ತದೆ, ಅದು ದಾಟಿದ ಮೇಲೆ ರೈತ ಸಂಪರ್ಕ ಕೇಂದ್ರದವರ ಕೈಯಲ್ಲೂ ಏನೂ ಉಳಿಯುವುದಿಲ್ಲ. ಅಲ್ಲಿ ಹೋಗಿ ಅವರನ್ನು ಬೈದು ಉಪಯೋಗವಿಲ್ಲ.

ಈಗ ಅಜ್ಜನ ಹೆಸರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನಲ್ಲೇ ಎಷ್ಟೋ ಮನೆಗಳಲ್ಲಿ ಪೌತಿ ಖಾತೆ ಆಗಿಲ್ಲ. ಕೇಳಿದರೆ ‘ಮಾಡ್ಸಬೇಕು, ಅಣ್ಣ-ತಮ್ಮಂದಿರು ಕೂಡಿ ಬರಬೇಕಲ್ಲ’ ಅನ್ನುತ್ತಾರೆ. ಪೌತಿ ಖಾತೆ ಅಂದರೆ ವಿಭಾಗವಲ್ಲ. ತೀರಿಹೋದವರ ಜಾಗದಲ್ಲಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಕೂರುತ್ತದೆ, ಅಷ್ಟೇ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅಜ್ಜ ಸತ್ತಾಗ ಮರಣ ನೋಂದಣಿಯನ್ನೇ ಮಾಡಿಸದವರಿಗೆ ಸ್ವಲ್ಪ ಓಡಾಟ ಹೆಚ್ಚು, ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇದೆ. ಪೌತಿ ಮಾಡಿಸಿದರೆ ಅಕ್ಕತಂಗಿಯರ ಹೆಸರೂ ಬರುತ್ತದಲ್ಲ ಅನ್ನುವ ಅಳುಕು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇದೆ, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಸ್ಪಷ್ಟ ಮಾಡಿದೆ. ಖಾತೆ ಮಾಡಿಸದೆ ಇದ್ದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಹೋಗುವುದು ಬರ ಪರಿಹಾರ, ಬೆಳೆಸಾಲ, ವಿಮೆ. ತಂಗಿಗೆ ಕೊಡಬಾರದು ಅಂತ ತಾವೂ ಪಡೆಯದೆ ಕೂತ ಮನೆಗಳನ್ನು ನಾನು ನೋಡಿದ್ದೇನೆ. ತಾಯಂದಿರು ನಗುತ್ತಿದ್ದೀರಿ, ನಿಮಗೂ ಅಂಥ ಮನೆ ಗೊತ್ತಿರಬೇಕು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಗೆಳೆಯರಿಗೂ ಒಂದು ವಿಷಯ. ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 2,000ದಂತೆ ಮೂರು ಕಂತು, ಒಟ್ಟು 6,000 ರೂಪಾಯಿ. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. ‘ಮಗ ಟ್ಯಾಕ್ಸ್ ಕಟ್ತಾನೆ, ಅದಕ್ಕೇ ನಮಗೆ ಕೊಡಲ್ಲ’ ಅಂತ ಸುಮ್ಮನಾದ ತಂದೆತಾಯಿಯರು ಇದ್ದಾರೆ. ಆ ಯೋಜನೆಯ ಲೆಕ್ಕದಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಹದಿನೆಂಟು ತುಂಬದ ಮಕ್ಕಳು. ನನ್ನ ತೆರಿಗೆ ನನ್ನ ತಂದೆಗೆ ಅಡ್ಡ ಬರುವುದಿಲ್ಲ. ಜಮೀನು 2019ರ ಫೆಬ್ರವರಿ 1ಕ್ಕೆ ಮೊದಲೇ ಅವರ ಹೆಸರಿನಲ್ಲಿರಬೇಕು, ಆಮೇಲೆ ಬಂದದ್ದಾದರೆ ವಾರಸಿನಿಂದ ಬಂದಿರಬೇಕು. ಮತ್ತೆ ಪೌತಿಗೇ ಬಂದೆವು ನೋಡಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಓಡಾಡಿದರೆ ಸರಿಹೋಗುವಂಥದ್ದು. ಎಷ್ಟು ಓಡಾಡಿದರೂ ಸರಿಹೋಗದ ಒಂದಿದೆ.

ನಮ್ಮ ಶಾಲೆ ಶುರುವಾದದ್ದು 1974ರಲ್ಲಿ. ಅದೇ ವರ್ಷ ಮಾರ್ಚ್ 1ರಿಂದ ದೇವರಾಜ ಅರಸರ ಕಾಲದ ಭೂ ಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು 7ನೇ ನಮೂನೆಯ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು ಉಳುವ ಭೂಮಿಗೆ ಒಡೆಯರಾದರು. ಈ ಶಾಲೆಯ ಮೊದಲ ಕೆಲವು ಬ್ಯಾಚುಗಳಲ್ಲಿ ಓದಿದವರ ಮನೆಗಳಿಗೆ ಅದು ಏನು ಅನ್ನುವುದು ಗೊತ್ತು. ಆ ಕಾನೂನು ಮತ್ತೆ ಗೇಣಿ ಹುಟ್ಟದಿರಲಿ ಅಂತ ಜಮೀನನ್ನು ಗುತ್ತಿಗೆಗೆ ಕೊಡುವುದನ್ನೇ ನಿಷೇಧಿಸಿತು. ಆವತ್ತಿಗೆ ಅದು ಸರಿ. 2020ರಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳುವುದಕ್ಕೆ ಇದ್ದ 79ಎ, 79ಬಿ ಕಲಮುಗಳನ್ನು ತೆಗೆದರು. ಗುತ್ತಿಗೆಯ ನಿಷೇಧ ಹಾಗೆಯೇ ಉಳಿಯಿತು.

ಈಗ ಊರಿನಲ್ಲಿ ಏನಾಗಿದೆ? ನನ್ನಂಥವರು ಊರು ಬಿಟ್ಟೆವು. ನಮ್ಮ ಹೊಲಗಳನ್ನು ಯಾರೋ ವಾರಕ್ಕೋ ಗುತ್ತಿಗೆಗೋ ಮಾಡುತ್ತಿದ್ದಾರೆ. ಬಾಯಿಮಾತಿನ ಒಪ್ಪಂದ. ಕಾಗದದಲ್ಲಿ ಅಂಥ ಮನುಷ್ಯ ಇಲ್ಲವೇ ಇಲ್ಲ. ಬೀಜ ಗೊಬ್ಬರ ಅವರದು, ಸಾಲ ಅವರದು, ಅದೂ ಬಡ್ಡಿ ಅಂಗಡಿಯಿಂದ ತಂದದ್ದು, ಯಾಕೆಂದರೆ ಪಹಣಿ ಇಲ್ಲದವರಿಗೆ ಸೊಸೈಟಿ ಬೆಳೆಸಾಲ ಕೊಡುವುದಿಲ್ಲ. ಬೆಳೆ ಹೋದರೆ ಪರಿಹಾರ ಬರುವುದು ಒಂಬತ್ತನೇ ಕಾಲಮ್ಮಿನಲ್ಲಿ ಹೆಸರಿರುವವರಿಗೆ. ನಮ್ಮ ಹೊಲದ್ದೂ ಹಾಗೇ ಆಯಿತು. ಬರದ ದುಡ್ಡು ನಮ್ಮ ತಂದೆಯ ಖಾತೆಗೆ ಬಂತು. ಅವರು ಅದನ್ನು ಬಿಡಿಸಿಕೊಂಡು ಹೊಲ ಮಾಡುವವರ ಮನೆಗೆ ಹೋಗಿ ಕೊಟ್ಟು ಬಂದರು. ಹಾಗೆ ಕೊಡಬೇಕು ಅಂತ ಯಾವ ನಿಯಮವೂ ಇಲ್ಲ. ಎಲ್ಲರೂ ಕೊಡುವುದೂ ಇಲ್ಲ.

ಗಡಿಯಾಚೆ ಆಂಧ್ರದಲ್ಲಿ 2019ರಲ್ಲಿ ಒಂದು ಕಾಯ್ದೆ ತಂದು, ಹನ್ನೊಂದು ತಿಂಗಳ ಕರಾರಿನ ಮೇಲೆ ಸಾಗುವಳಿ ಮಾಡುವವರಿಗೆ ಕಾರ್ಡು ಕೊಡುವ ವ್ಯವಸ್ಥೆ ಮಾಡಿದರು. ಮಾಲೀಕನ ಹಕ್ಕಿಗೆ ಧಕ್ಕೆ ಇಲ್ಲ, ಬೆಳೆಯ ಸಾಲ ಮತ್ತು ವಿಮೆ ಮಾತ್ರ ಬೆಳೆದವನಿಗೆ. ಮಾಲೀಕ ಸಹಿ ಹಾಕಲು ಹೆದರುವುದರಿಂದ ಅಲ್ಲೂ ಅದು ಸಲೀಸಾಗಿ ನಡೆದಿಲ್ಲ. ಆದರೂ ನಮ್ಮಲ್ಲಿ ಅಂಥದೊಂದು ಬೇಕು ಅನ್ನುವುದು ನನ್ನ ಅಭಿಪ್ರಾಯ. ಶಾಸಕರು ವೇದಿಕೆಯ ಮೇಲಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ತಂತ್ರಾಂಶದಲ್ಲಿ ಇನ್ನೊಂದು ಕಾಲಮ್ಮು ಸೇರಿಸುವುದು ನಮ್ಮಂಥವರಿಗೆ ಒಂದು ವಾರದ ಕೆಲಸ. ಸೇರಿಸಿ ಅಂತ ಹೇಳಬೇಕಾದವರು ವಿಧಾನಸೌಧದಲ್ಲಿ ಇರುವವರು.

ಕೊನೆಯದಾಗಿ ಒಂದು ಪ್ರಕಟಣೆ. ನಮ್ಮ ಬ್ಯಾಚಿನ ಐದಾರು ಜನ ಸೇರಿ, ಬರುವ ತಿಂಗಳಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಇದೇ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಕೂರುತ್ತೇವೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ನಿಮ್ಮ ಪಹಣಿ, ಎಫ್‌ಐಡಿ, ಸಮೀಕ್ಷೆಯಲ್ಲಿ ಬರೆದಿರುವ ಬೆಳೆ ತಾಳೆ ನೋಡಿ, ಎಲ್ಲಿ ತಪ್ಪಿದೆ, ಯಾವ ಕಚೇರಿಗೆ ಹೋಗಬೇಕು ಅಂತ ಒಂದು ಚೀಟಿ ಬರೆದು ಕೊಡುತ್ತೇವೆ. ಆಧಾರ್‌ಗೆ ಯಾವ ಬ್ಯಾಂಕು ಜೋಡಣೆಯಾಗಿದೆ ಅಂತಲೂ ನೋಡೋಣ. ದುಡ್ಡು ಹೋಗುವುದು ನೀವು ಪಾಸ್‌ಬುಕ್ ಕೊಟ್ಟ ಬ್ಯಾಂಕಿಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಬರಲೇ ಇಲ್ಲ ಅಂದುಕೊಂಡ ದುಡ್ಡು ಮರೆತೇಹೋದ ಹಳೆಯ ಖಾತೆಯಲ್ಲಿ ಕೂತಿರುವುದೂ ಉಂಟು.

ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಓಟಿಪಿಯನ್ನು ನಮಗೂ ಹೇಳಬೇಡಿ, ಬೇಕಾದ ಕಡೆ ನೀವೇ ಒತ್ತಿ. ವಾಟ್ಸ್‌ಆ್ಯಪ್‌ನಲ್ಲಿ ‘ಪಿಎಂ ಕಿಸಾನ್’ ಅಂತ ಬರುವ ಫೈಲುಗಳನ್ನು ಮುಟ್ಟಲೇಬೇಡಿ, ಅದನ್ನು ಒತ್ತಿ ಖಾತೆ ಖಾಲಿ ಮಾಡಿಕೊಂಡವರು ಇದ್ದಾರೆ. ಬರುವಾಗ ಆಧಾರ್, ಪಹಣಿಯ ನಕಲು, ಪಾಸ್‌ಬುಕ್, ಆಧಾರ್‌ಗೆ ಕೊಟ್ಟಿರುವ ನಂಬರಿನ ಫೋನು, ಇಷ್ಟು ತನ್ನಿ. ಆ ನಂಬರು ಬೆಂಗಳೂರಿನಲ್ಲಿರುವ ಮಗನ ಹತ್ತಿರ ಇದ್ದರೆ, ಆ ಭಾನುವಾರ ಬೆಳಿಗ್ಗೆ ಬೇಗ ಎದ್ದು ಫೋನು ಎತ್ತೋದಕ್ಕೆ ಅವನಿಗೆ ಮೊದಲೇ ಹೇಳಿರಿ.